ಕೌದಿಯ ನೆರಳಲ್ಲಿ ಕೆಂಪು

ಕಬ್ಬಿಣ ಉಜ್ಜುವ ಹಳೆಯ ಅರವೊಂದರ ಹಲ್ಲುಗಳನ್ನು ಇನ್ನೊಂದು ಅರದಿಂದ ಉಜ್ಜಿ ತೆಗೆಯುತ್ತ ಕೂತಿದ್ದ ದಾಕ್ಷಾಯಣಿಗೆ ಕೆಳಗಿನಿಂದ ಯಾರೋ ತನ್ನ ಹೆಸರು ಹಿಡಿದು ಕರೆದಂತಾಯಿತು. ಕೈ ನಿಲ್ಲಿಸಿದಳು. ಯಾರೂ ಕರೆದಿರಲಿಲ್ಲ. ಪಕ್ಕದ ಪಿ.ಜಿ.ಯ ನೀರಿನ ಮೋಟಾರು ಗುಂಯ್‌ಗುಡುತ್ತಿತ್ತು, ಎಲ್ಲೋ ಒಂದು ಕುಕ್ಕರ್ ಕೂಗಿ ಸುಮ್ಮನಾಯಿತು, ತಂತಿಯ ಮೇಲೆ ಒಣಹಾಕಿದ್ದ ಅತ್ತೆಯ ಕೌದಿ ಗಾಳಿಗೆ ಒಮ್ಮೆ ಹೊಟ್ಟೆ ಉಬ್ಬಿಸಿ ಇಳಿಸಿತು. ಮತ್ತೆ ಉಜ್ಜಿದಳು, ಮತ್ತೆ ಕರೆದಂತಾಯಿತು. ಮದುವೆಯಾಗಿ ಬಿಟಿಎಂ ಲೇಔಟಿನ ಈ ಮನೆಗೆ ಬಂದಂದಿನಿಂದ ಅವಳ ಕಿವಿ ಹೀಗೆಯೇ, ಅವಳನ್ನು ಬಿಟ್ಟು ತುಸು ದೂರ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ಅಪ್ಪಣೆಗೆ ಕಾಯುವವರಂತೆ ನಿಂತುಕೊಂಡಿರುತ್ತಿತ್ತು. ಬಟ್ಟೆ ಒಗೆಯುವ ಕಲ್ಲಿಗೆ ಕ್ಲ್ಯಾಂಪು ಬಿಗಿದು ಕೂರಿಸಿದ್ದ ಉಕ್ಕಿನ ಪಟ್ಟಿಯಿಂದ ಬೂದು ಪುಡಿ ಉದುರಿ ಅವಳ ಪಾದದ ಮೇಲೆ ಕೂರುತ್ತಿತ್ತು. ಕೌದಿಯನ್ನು ದಾಟಿ ಬರುವ ಬಿಸಿಲಿಗೆ ಬಣ್ಣ ಹತ್ತಿರುತ್ತಿತ್ತು. ಯಾರದೋ ಹಳೆಯ ಇಳಕಲ್ ಸೀರೆಯ ಅಂಚು, ಮಾವನವರು ಬದುಕಿದ್ದಾಗ ಉಟ್ಟ ಧೋತರ, ತೊಟ್ಟಿಲ ಮಗುವೊಂದರ ಹಳದಿ ಅಂಗಿ, ಎಲ್ಲವನ್ನೂ ಕೂಡಿಸಿ ಹೊಲಿದ ಆ ದಪ್ಪ ಹೊದಿಕೆಯ ತುಂಡುತುಂಡು ಬಣ್ಣಗಳು ಟೆರೇಸಿನ ಸಿಮೆಂಟಿನ ಮೇಲೆ, ಅವಳ ಮುಂಗೈ ಮೇಲೆ ಅಲ್ಲಾಡುತ್ತಿದ್ದವು. ಮಧ್ಯಾಹ್ನದ ಈ ಹೊತ್ತಿನಲ್ಲಿ ಸುತ್ತಲಿನ ಕೋಣೆಗಳೆಲ್ಲ ಆಫೀಸಿಗೆ ಹೋಗಿ ಬಿಟ್ಟಿರುತ್ತಿದ್ದವು. ಮೇಲೆ ಹದ್ದುಗಳು ಮಾತ್ರ. ಸಿಲ್ಕ್ ಬೋರ್ಡಿನ ಕಡೆಯ ಹಾರನ್ನುಗಳು ಹತ್ತಿಯಲ್ಲಿ ಸುತ್ತಿಟ್ಟಂತೆ ಕೇಳುತ್ತಿದ್ದವು.

ಚಾಕು ಅಂಗಡಿಯಲ್ಲಿ ಸಿಗುತ್ತದಲ್ಲ ಎಂದು ಗಂಡ ಗುರುಸಿದ್ದ ಕೇಳಿದ್ದ. ಅವನು ಲಿಫ್ಟುಗಳ ರಿಪೇರಿ ನೋಡಿಕೊಳ್ಳುವ ಕಂಪನಿಯೊಂದರಲ್ಲಿದ್ದ, ಯಾವ ವಸ್ತುವನ್ನು ಕಂಡರೂ ಅದು ಮೇಲೆ ಹೋಗುತ್ತದೋ ಕೆಳಗೆ ಬರುತ್ತದೋ ಎಂದು ನೋಡುವವನಂತೆ ತಲೆ ವಾಲಿಸಿ ನೋಡುವುದು ಅವನ ಅಭ್ಯಾಸ. ಸಿಗುತ್ತದೆ, ಎಂದಿದ್ದಳು. ಮತ್ತೆ ಯಾಕೆ ಎಂದಾಗ ಉತ್ತರ ಗಂಟಲಿನವರೆಗೆ ಬಂದು ಅಲ್ಲಿಯೇ ಕೂತುಬಿಟ್ಟಿತು. ಈ ಮನೆಯಲ್ಲಿ ಅವಳ ಬಾಯಿಂದ ಸಲೀಸಾಗಿ ಹೊರಡುತ್ತಿದ್ದುದು ಒಂದೇ, ‘ಹೂಂ’. ಊಟ ಆಯ್ತಾ ಅಂದರೆ ಹೂಂ, ತಲೆ ನೋವಾ ಅಂದರೆ ಹೂಂ, ತವರಿಗೆ ಹೋಗ್ತೀಯಾ ಅಂದರೂ ಹೂಂ, ಬೇಡವಾ ಅಂದರೂ ಹೂಂ. ಅವಳು ವಿಲ್ಸನ್ ಗಾರ್ಡನ್ನಿನವಳು. ಅವಳ ಕನ್ನಡ ಈ ಬಾಗಲಕೋಟೆ ಕಡೆಯ ಮನೆಯಲ್ಲಿ ಒಣಗಿದ ರೊಟ್ಟಿಯ ಹಾಗೆ ಚಟ್ ಎಂದು ಮುರಿಯುತ್ತಿತ್ತು. ಮದುವೆಯ ಹೊಸದರಲ್ಲಿ ಗಂಡನ ಚಿಕ್ಕಪ್ಪನಿಗೆ ‘ಕೂತ್ಕೊಳಿ’ ಎಂದದ್ದಕ್ಕೆ ಅವರು, ಕೂಡ್ರಿ ಅನ್ನಾಕ ಏನ ಭಾರ ಆಗ್ತೈತಿ ನಮ್ಮವ್ವಗ, ಎಂದು ನಕ್ಕಿದ್ದರು, ಪ್ರೀತಿಯಿಂದಲೇ. ಆ ನಗೆಯನ್ನು ಅವಳು ಎಷ್ಟೋ ದಿನ ಬಚ್ಚಲಲ್ಲಿ ಸ್ನಾನ ಮಾಡುವಾಗ ಬಿಚ್ಚಿ ನೋಡಿಕೊಂಡಿದ್ದಳು.

ನಿಜವಾದ ಉತ್ತರ ಈಳಿಗೆಯದು. ಅತ್ತೆ ಶಿವವ್ವ ತರಕಾರಿ ಹೆಚ್ಚುತ್ತಿದ್ದುದು ನೆಲದ ಮೇಲೆ ಕೂತು, ಈಳಿಗೆಯ ಮಣೆಯನ್ನು ಮೊಣಕಾಲಿನಡಿ ಒತ್ತಿ ಹಿಡಿದು. ಅವರ ಕೈಯಲ್ಲಿ ತರಕಾರಿ ತಾನಾಗಿ ಹೋಗಿ ಅಲಗಿಗೆ ತಾಗಿ ಎರಡಾಗಿ ಬರುತ್ತಿತ್ತು. ಬಂದ ಹೊಸದರಲ್ಲಿ, ನೆಂಟರೆಲ್ಲ ಕೂತಿದ್ದಾಗ, ಎಣ್ಣೆಗಾಯಿಗೆಂದು ಬದನೆಕಾಯಿ ಸೀಳಲು ಕೂತ ದಾಕ್ಷಾಯಣಿಯ ಹೆಬ್ಬೆರಳು ಸೀಳಿತ್ತು. ನೋವಾಗಿರಲಿಲ್ಲ, ಬಿಳಿಯ ತಿರುಳಿನ ಮೇಲೆ ಕೆಂಪು ಹರಡುವುದನ್ನು ಅವಳು ಬೇರೆ ಯಾರದೋ ಎಂಬಂತೆ ನೋಡುತ್ತಲೇ ಕೂತಿದ್ದಳು. ಶಿವವ್ವ ಒಂದು ಮಾತೂ ಆಡದೆ ಬೆರಳಿಗೆ ಅರಿಶಿನ ಒತ್ತಿ, ಹೆಚ್ಚಿದ್ದನ್ನೂ ಹೆಚ್ಚದ್ದನ್ನೂ ಒಟ್ಟಿಗೆ ಬಾಚಿ ಕಸಕ್ಕೆ ಹಾಕಿದರು. ಆಮೇಲೆ ಅವಳಿಗೆ ಹೆಚ್ಚುವ ಕೆಲಸ ಬರಲಿಲ್ಲ. ಬೈದಿದ್ದರೆ ಎಲ್ಲಿ ಬೈದರು ಎಂದು ತೋರಿಸಬಹುದಿತ್ತು. ಅಡುಗೆಮನೆಯಲ್ಲಿ ಅವಳು ತೊಳೆದಿಡುವವಳು, ಎತ್ತಿಕೊಡುವವಳು, ಬಾಗಿಲ ಚೌಕಟ್ಟಿಗೆ ಒರಗಿ ಅತ್ತೆಯ ಬೆನ್ನು ನೋಡುವವಳು ಆದಳು. ತವರಿನಲ್ಲಿ ಅವಳು ನಿಂತು ಹೆಚ್ಚುತ್ತಿದ್ದಳು, ಕಟ್ಟೆಯ ಮೇಲೆ, ಅಪ್ಪ ಮಾಡಿಕೊಟ್ಟ ಚಾಕುವಿನಲ್ಲಿ. ಈ ಮನೆಯ ಕಟ್ಟೆಯ ಮುಂದೆಯೂ ಹಾಗೆ ನಿಲ್ಲಬೇಕು, ತನ್ನ ಕೈಯಿಂದ ಹುಟ್ಟಿದ ಒಂದು ಅಲಗಿನಿಂದ ಈ ಮನೆಯ ಈರುಳ್ಳಿ ಎರಡಾಗಬೇಕು, ಅದನ್ನು ಅತ್ತೆ ನೋಡಬೇಕು. ಇಷ್ಟನ್ನು ಹೇಳಲು ಬಾಯಿ ತೆರೆದರೆ ಎಷ್ಟು ಸಣ್ಣದಾಗಿ ಕೇಳುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅಪ್ಪ ರೇವಣಸಿದ್ದಪ್ಪನವರು ಫಿಟ್ಟರ್ ಆಗಿದ್ದವರು. ಗುಜರಿಗೆಂದು ಎತ್ತಿಟ್ಟಿದ್ದ ಸಾಮಾನುಗಳ ಡಬ್ಬದಿಂದ ಅವಳೇ ಆ ಅರವನ್ನು ಆರಿಸಿಕೊಂಡಿದ್ದಳು. ಹಲ್ಲೆಲ್ಲ ಸವೆದು ಮೊಂಡಾಗಿ, ಮುದುಕರ ಹಾಗೆ ತಂಪಾಗಿತ್ತು ಅದು. ಮೊದಲು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತಿಟ್ಟರೆ ಮೆತ್ತಗಾಗುತ್ತದೆ, ಆಗ ಬೇಕಾದ ಆಕಾರ ಮಾಡಿಕೋ, ಕೊನೆಗೆ ಮತ್ತೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಟ್ಟಿಯಾಗುತ್ತದೆ, ಎಂದು ಅಪ್ಪ ಟೀವಿ ನೋಡುತ್ತಲೇ ಹೇಳಿದ್ದರು. ಯಾಕೆ ಬೇಕು ಎಂದು ಅವರು ಕೇಳಲಿಲ್ಲ, ಅತ್ತೆ ಮನೆಯಲ್ಲಿ ಚಾಕು ಇಲ್ಲವಾ ಎಂದು ಅಮ್ಮ ಕೇಳಿದಳು, ಅದಕ್ಕೂ ಹೂಂ. ಬಸ್ಸಿನಲ್ಲಿ ಬರುವಾಗ ದಿನಪತ್ರಿಕೆಯಲ್ಲಿ ಸುತ್ತಿದ ಉಕ್ಕು ಬ್ಯಾಗಿನೊಳಗಿಂದ ತೊಡೆಗೆ ಒತ್ತುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಸ್ವಲ್ಪ ಸರಿಯಮ್ಮ ಎಂದಾಗ, ಕದ್ದ ವಸ್ತುವಿನ ಮೇಲೆ ಕೂತವಳಂತೆ ಬೆಚ್ಚಿದ್ದಳು.

ಮೆತ್ತಗೆ ಮಾಡುವ ಬೆಂಕಿ ಮೊದಲ ಬೆಂಕಿ. ಖಾಲಿ ಬಣ್ಣದ ಡಬ್ಬಕ್ಕೆ ಒಳಗಡೆ ಮಣ್ಣು ಮೆತ್ತಿ, ಪಕ್ಕದಲ್ಲೊಂದು ತೂತು ಕೊರೆದು, ಇಸ್ತ್ರಿ ಗಾಡಿಯವನ ಹತ್ತಿರ ಕೇಳಿ ತಂದ ಇದ್ದಿಲು ತುಂಬಿ, ಮದುವೆಗೆ ಗೆಳತಿಯರು ಉಡುಗೊರೆ ಕೊಟ್ಟ ಹೇರ್ ಡ್ರೈಯರಿನಿಂದ ಗಾಳಿ ಹಾಕಿದಳು. ಅಂದು ಹೊಗೆ ತುಸು ಜಾಸ್ತಿಯಾಗಿತ್ತು. ಕೆಳಗಿನ ಮನೆಯ ಓನರ್ ಲಕ್ಷ್ಮಮ್ಮ ಮೆಟ್ಟಿಲ ಅರ್ಧಕ್ಕೆ ಬಂದು, ಏನಮ್ಮ ಹೋಮ ಗೀಮ ಮಾಡಿಸ್ತಿದ್ದೀರಾ, ನಮ್ಮನ್ನೂ ಕರೀಬೇಕು ತಾನೆ, ಎಂದು ಮಂಡಿ ನೋವಿನಿಂದ ಮೇಲೆ ಬರಲಾರದೆ ಇಳಿದು ಹೋದರು. ಶಿವವ್ವ ಮಾತ್ರ ಟೆರೇಸಿನ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು, ಮುಂದೆಯೂ ಬರಲಿಲ್ಲ, ಕೆಳಗೂ ಹೋಗಲಿಲ್ಲ. ಅವರು ನಿಂತಿರುವುದು ದಾಕ್ಷಾಯಣಿಯ ಬೆನ್ನಿಗೆ ಗೊತ್ತಾಗುತ್ತಿತ್ತು. ತಿರುಗಿ ನೋಡಿದರೆ ಏನಾದರೂ ಹೇಳಬೇಕಾಗುತ್ತದೆಂದು ಅವಳು ತಿರುಗಲಿಲ್ಲ. ಅವಳು ತಿರುಗಿದರೆ ಏನಾದರೂ ಕೇಳೋಣವೆಂದು ಅವರೂ ಕಾಯ್ದಿದ್ದರೋ ಏನೋ, ಸ್ವಲ್ಪ ಹೊತ್ತಿಗೆ ಬೆನ್ನಿನ ಮೇಲಿನ ಭಾರ ಇಳಿಯಿತು. ಕೆಂಪಾದ ಉಕ್ಕನ್ನು ಬೂದಿ ತುಂಬಿದ ಬಕೆಟ್ಟಿನಲ್ಲಿ ಹೂತಿಟ್ಟಳು. ಆ ರಾತ್ರಿಯ ನಿದ್ದೆಯಲ್ಲಿ ತಾನೇ ಬೂದಿಯೊಳಗಿದ್ದಳು. ಕತ್ತಲೆ ಬೆಚ್ಚಗಿತ್ತು, ಯಾರೂ ಕರೆಯುತ್ತಿರಲಿಲ್ಲ, ಮೈಯೊಳಗೆ ಬಿಗಿದಿದ್ದದ್ದು ಒಂದೊಂದೇ ಎಳೆಯಾಗಿ ಸಡಿಲಾಗುತ್ತಿತ್ತು. ಎದ್ದಾಗ ಮಗ್ಗುಲಲ್ಲಿ ಗುರುಸಿದ್ದ, ನೀ ನಿದ್ದಿಯೊಳಗ ನಗಾಕತ್ತಿದ್ದಿ, ಎಂದ.

ಆಮೇಲಿನದೆಲ್ಲ ಮಧ್ಯಾಹ್ನಗಳು. ಅರದ ಹಲ್ಲು ಹೋಗಿ ನುಣುಪಾದ ಪಟ್ಟಿ, ಪಟ್ಟಿ ಹೋಗಿ ಒಂದು ಬೆನ್ನು ಒಂದು ಹೊಟ್ಟೆ, ಬೆನ್ನಿನ ಕೊನೆಯಲ್ಲಿ ಮಲಗಿದ ಹಕ್ಕಿಯ ಕೊಕ್ಕಿನಂಥ ತುದಿ. ಗುರುಸಿದ್ದ ರಜೆಯ ದಿನ ಮೇಲೆ ಬಂದು ಹಿಡಿಗೆ ತೂತು ಕೊರೆದುಕೊಟ್ಟ, ಯಾರ ಮ್ಯಾಲ ದಂಡೆತ್ತಿ ಹೊಂಟೀರಿ ಮೇಡಂ ಎಂದು ಕಾಡಿಸಿದ. ಹಾಳಾದ ಸ್ಪೀಕರಿನ ಅಯಸ್ಕಾಂತ ತಂದುಕೊಟ್ಟವನೂ ಅವನೇ. ಉಕ್ಕು ಸರಿಯಾಗಿ ಕಾದಾಗ ಅಯಸ್ಕಾಂತ ಅದನ್ನು ಹಿಡಿಯುವುದಿಲ್ಲ, ಅದೇ ಗುರುತು. ದಾಕ್ಷಾಯಣಿಗೆ ಈ ಸಂಗತಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿತ್ತು. ಒಂದು ಬಿಸಿಯಲ್ಲಿ ಕಬ್ಬಿಣ ತಾನು ಕಬ್ಬಿಣ ಎಂಬುದನ್ನು ಮರೆಯುತ್ತದೆ, ಹತ್ತಿರ ಬಂದವರು ಎಷ್ಟೇ ಬೇಕಾದವರಾದರೂ ಗುರುತು ಸಿಗುವುದಿಲ್ಲ. ಮದುವೆಯ ದಿನ ಛತ್ರದಲ್ಲಿ ಅಕ್ಷತೆ ಬೀಳುತ್ತಿದ್ದಾಗ ಎದುರಿಗೆ ನಿಂತ ಅಮ್ಮನ ಮುಖ ಒಂದು ಕ್ಷಣ ಯಾರದೆಂದು ತಿಳಿಯದೆ ಹೋಗಿತ್ತಲ್ಲ, ಹಾಗೆ.

ಗಟ್ಟಿ ಮಾಡುವ ದಿನ ಕೌದಿಯನ್ನು ಅವಳೇ ತಂತಿಗೆ ಹಾಕಿದಳು. ಉಕ್ಕಿನ ಕೆಂಪು ಬಿಸಿಲಿಗೆ ಕಾಣುವುದಿಲ್ಲ, ನೆರಳು ಬೇಕು. ಬೆಂಕಿ ಹದಕ್ಕೆ ಬಂದಿತ್ತು, ಕರಿದು ಉಳಿದಿದ್ದ ಶೇಂಗಾ ಎಣ್ಣೆಯ ಡಬ್ಬ ಪಕ್ಕದಲ್ಲಿತ್ತು, ಅಲಗನ್ನು ಇಕ್ಕಳದಲ್ಲಿ ಹಿಡಿದು ಇನ್ನೇನು ಇದ್ದಿಲಿಗಿಡಬೇಕು, ಕೌದಿ ಪಕ್ಕಕ್ಕೆ ಸರಿಯಿತು. ಶಿವವ್ವ. ಕೈಯಲ್ಲಿ ನೀರಿನ ಬಟ್ಟಲು ಮತ್ತು ವಿಭೂತಿಯ ಗಟ್ಟಿ. ಈ ಮನೆಗೆ ಬಂದ ಗ್ಯಾಸ್ ಸಿಲಿಂಡರು, ಗುರುಸಿದ್ದನ ಬೈಕು, ಮಿಕ್ಸಿ, ಫ್ರಿಜ್ಜು ಎಲ್ಲಕ್ಕೂ ಅವರು ಮೊದಲ ದಿನವೇ ಮೂರು ಬೆರಳಿನ ಗೆರೆ ಎಳೆಯುತ್ತಿದ್ದರು. ದಾಕ್ಷಾಯಣಿ ಹೊಸಿಲು ದಾಟಿ ಒಳಬಂದಾಗ ಅವಳ ಹಣೆಗೂ ಎಳೆದಿದ್ದರು. ಈಗ ಅವರು ಗಟ್ಟಿಯನ್ನು ನೀರಲ್ಲಿ ತೇದು, ಬೆರಳು ತುಂಬ ದಪ್ಪಗೆ ತೆಗೆದುಕೊಂಡು, ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

“ಬರೇ ಹಣೀಲೆ ಬೆಂಕ್ಯಾಗ ಕಳಸ್ತಾರೇನವ್ವ? ಹಿಡಿ ಇತ್ತಾಗ, ಈಬತ್ತಿ ಹಚ್ತೀನಿ.”

ಇಷ್ಟು ದಿನ ಬಾಗಿಲಲ್ಲಿ ನಿಂತವರು ಬಾಗಿಲು ದಾಟಿ ಬಂದಿದ್ದರು. ಅವರ ಹಣೆಯ ಮೇಲಿನ ಗೆರೆಗಳು ಇನ್ನೂ ಹಸಿಯಾಗಿದ್ದವು, ಅಂದರೆ ಪೂಜೆಯಿಂದ ನೇರ ಎದ್ದು ಬಂದಿದ್ದಾರೆ. ಉಕ್ಕಿನ ಮೇಲೆ ಏನಾದರೂ ಮೆತ್ತಿಕೊಂಡಿದ್ದರೆ ಅಷ್ಟು ಜಾಗ ಎಣ್ಣೆಯಲ್ಲಿ ನಿಧಾನವಾಗಿ ಆರುತ್ತದೆ, ನಿಧಾನವಾಗಿ ಆರಿದ್ದು ಮೆತ್ತಗೇ ಉಳಿಯುತ್ತದೆ. ಇದು ದಾಕ್ಷಾಯಣಿಗೆ ಗೊತ್ತಿತ್ತು. ಅಪ್ಪನ ಬೆಂಚಿನ ಪಕ್ಕ ನಿಂತು ಬೆಳೆದವಳಿಗೆ ಹೇಳಿಸಿಕೊಳ್ಳದೆಯೂ ಗೊತ್ತಿದ್ದ ಸಂಗತಿ ಅದು. ಬೇಡ ಅನ್ನಬೇಕು. ಆ ಮಾತು ಹೊಟ್ಟೆಯಿಂದ ಎದ್ದು, ಎದೆ ದಾಟಿ, ನಾಲಗೆಯ ಬುಡಕ್ಕೆ ಬಂದು, ಅಲ್ಲಿ ಸಂಕೋಚದಿಂದ ಚಪ್ಪಲಿ ಬಿಚ್ಚುತ್ತ ನಿಂತಿತು. ಅಷ್ಟರಲ್ಲಿ ತೋರುಬೆರಳು, ನಡುಬೆರಳು, ಉಂಗುರಬೆರಳು ಅಲಗಿನ ಎರಡೂ ಬದಿಗೆ ಅಡ್ಡಲಾಗಿ, ಬೆನ್ನಿನಿಂದ ಬಾಯಿಯವರೆಗೆ ಹಾದುಹೋಗಿದ್ದವು. ಬಿಳಿ ಗೆರೆಗಳು ಬಿಸಿಗೆ ಕಣ್ಣೆದುರೇ ಒಣಗಿದವು. ಒರೆಸುವುದುಂಟೇ, ಅದೂ ಅವರ ಮುಂದೆ. ಶಿವವ್ವ ಅವಳನ್ನೇ ನೋಡುತ್ತಿದ್ದರು, ಚೆನ್ನಾಯ್ತಾ ಎಂದು ಕೇಳುವ ಮಗುವಿನ ಹಾಗೆ. ಹೂಂ, ಎಂದಳು ದಾಕ್ಷಾಯಣಿ. ಅಲಗನ್ನು ಬೆಂಕಿಗಿಟ್ಟಳು.

ಕೆಂಪು ಬಂದದ್ದು ಸದ್ದಿಲ್ಲದೆ. ಮೊದಲು ಇಲ್ಲವೆನ್ನುವಷ್ಟು, ಕಣ್ಣು ಮುಚ್ಚಿದಾಗ ರೆಪ್ಪೆಯೊಳಗೆ ಇರುವಷ್ಟು. ಆಮೇಲೆ ಅಲಗಿನ ಒಳಗಿಂದ ಯಾರೋ ದೀಪ ಹಿಡಿದು ನಡೆದು ಬರುತ್ತಿರುವಂತೆ. ಅಯಸ್ಕಾಂತ ತಾಗಿಸಿದರೆ ಹಿಡಿಯಲಿಲ್ಲ. ಎಣ್ಣೆಗೆ ಅದ್ದಿದಳು. ಗುಳುಗುಳು ಸದ್ದು, ಬಿಳಿ ಹೊಗೆ, ಮಿರ್ಚಿ ಬಜ್ಜಿಯ ಘಾಟು ಎದ್ದು ಕೌದಿಗೆ ತಾಗಿ ತಿರುಗಿ ಅವರಿಬ್ಬರ ಮುಖಕ್ಕೇ ಬಂತು. ಕೆಳಗಿನಿಂದ ಲಕ್ಷ್ಮಮ್ಮ, ನಮಗೆ ನಾಲ್ಕು ಬಜ್ಜಿ ಕಳಿಸ್ರಮ್ಮ, ಎಂದು ಕೂಗಿದರು. ಶಿವವ್ವ ನಕ್ಕರು. ಅತ್ತೆಗೆ ಒಂದು ಕಡೆಯ ಹಲ್ಲಿಲ್ಲದಿರುವುದು ದಾಕ್ಷಾಯಣಿಗೆ ಅಂದು ಮೊದಲ ಬಾರಿ ಕಂಡಿತು. ಅವರು ಇಳಿದು ಹೋದ ಮೇಲೆ ಅಲಗಿನ ಬಾಯಿಗೆ ಹೊಸ ಅರ ತಾಗಿಸಿ ನೋಡಿದಳು. ಗಟ್ಟಿಯಾದ ಕಡೆ ಅರ ಗಾಜಿನ ಮೇಲೆ ಜಾರಿದಂತೆ ಜಾರಿತು. ನಡುವೆ ಹಿಡಿಯಿತು, ಮತ್ತೆ ಜಾರಿತು, ಮತ್ತೆ ಹಿಡಿಯಿತು. ಮೂರು ಕಡೆ ಮೆತ್ತಗೇ ಉಳಿದಿತ್ತು. ಉಜ್ಜಿ ಹೊಳಪು ಕೊಟ್ಟಾಗ ಆ ಮೂರು ಜಾಗ ಬೇರೆಯಾಗಿ, ಬೆಳಗಿನ ಮಂಜು ಕೂತ ಗಾಜಿನ ಹಾಗೆ ಮಸುಕಾಗಿ ಎದ್ದವು. ಚೆಂದವಿತ್ತು. ಅಷ್ಟು ಚೆಂದದ್ದನ್ನು ಅವಳು ಮಾಡಿರಲೇ ಇಲ್ಲ, ಮಾಡಬೇಕೆಂದುಕೊಂಡಿರಲೂ ಇಲ್ಲ. ಹಾಳಾದದ್ದನ್ನು ಕಂಡು ಯಾಕೆ ಕಣ್ಣು ತುಂಬುವಷ್ಟು ಹಿತವಾಗುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ. ಸಂಜೆ ರೊಟ್ಟಿ ಹಂಚಿನ ಮೇಲೆ ಅಲಗನ್ನಿಟ್ಟು, ಒಡೆಯದಷ್ಟು ಹದಕ್ಕೆ ತರಲು ಸಣ್ಣ ಉರಿಯಲ್ಲಿ ಕಾಯಿಸುವಾಗ ಶಿವವ್ವ ಪಕ್ಕದಲ್ಲೇ ನಿಂತು, ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಹರಿದು ಬರುವುದನ್ನು ನೋಡಿದರು. ಅವರ ತೋಳು ಅವಳ ತೋಳಿಗೆ ತಾಗುತ್ತಿತ್ತು. ಯಾರೂ ಸರಿಯಲಿಲ್ಲ. ಆ ಹೊತ್ತು ಹಾಗೆಯೇ ಇದ್ದುಬಿಡಲಿ, ಚಾಕು ಎಂದಿಗೂ ಯಾವುದನ್ನೂ ಕೊಯ್ಯುವ ಪ್ರಸಂಗವೇ ಬಾರದಿರಲಿ, ಎಂದು ಅವಳು ಬಯಸಿದಳು.

ಆದರೆ ಹಿಡಿ ಹಾಕಿ ಕಟ್ಟೆಯ ಮೇಲಿಟ್ಟ ಮೊದಲ ಬೆಳಿಗ್ಗೆಯೇ ಶಿವವ್ವ ಅದನ್ನು ಕೈಗೆತ್ತಿಕೊಂಡರು. ಈಳಿಗೆಯ ಮುಂದೆ ಕೂರದೆ, ಸೊಸೆಯ ಹಾಗೆ ನಿಂತು ಈರುಳ್ಳಿ ಹೆಚ್ಚಲು ನೋಡಿದರು. ಅದು ಅವರ ದೊಡ್ಡತನ. ಕೈ ಹೊಸತು, ನಿಲುವು ಹೊಸತು, ಆದರೂ ಅಲಗು ಇಳಿಯಿತು. ಇಳಿದು ಒಂದು ಕಡೆ ತಡೆಯಿತು. ಇನ್ನೊಮ್ಮೆ ತಡೆಯಿತು. ಅವರು ಒತ್ತಿದರು, ಈರುಳ್ಳಿ ಜಾರಿ ಕಟ್ಟೆಯಿಂದ ಬಿತ್ತು. ಹಾಲು ಕಾಯಿಸುತ್ತಿದ್ದ ದಾಕ್ಷಾಯಣಿಯ ಕಿವಿ ಮಾತ್ರ ಅತ್ತ ಹೋಯಿತು. ಇಲ್ಲಿ ಕೊಯ್ಯವಲ್ದು ನೋಡು, ಎನ್ನುತ್ತ ಶಿವವ್ವ ಕಿಟಕಿಯ ಬೆಳಕಿಗೆ ಹೋಗಿ ಅಲಗಿನ ಬಾಯಿಯ ಮೇಲೆ ಹೆಬ್ಬೆರಳಾಡಿಸಿದರು. ಮೂರು ಕಡೆ ಬಾಯಿ ಮಡಚಿಕೊಂಡಿತ್ತು. ಆಮೇಲೆ ಆ ಮಸುಕು ಪಟ್ಟೆಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಬಲಗೈಯ ಮೂರು ಬೆರಳು ಚಾಚಿ, ಪಟ್ಟೆಗಳ ಮೇಲೆ ಇಟ್ಟರು. ಸರಿಯಾಗಿ ಕೂತವು.

“ಇದು ನಾ ಹಚ್ಚಿದ ಈಬತ್ತಿ ಅಲ್ಲೇನ?”

“ಹೂಂ.”

“ಹಚ್ಚೂ ಮುಂದ ಗೊತ್ತಿತ್ತೇನ ನಿನಗ, ಹಿಂಗ ಆಗ್ತೈತಿ ಅಂತ?”

ಗೊತ್ತಿರಲಿಲ್ಲ ಎನ್ನಬಹುದಿತ್ತು. ಹಾಲು ಅಂಚಿಗೇರುತ್ತಿತ್ತು. “ಹೂಂ,” ಎಂದಳು.

ಶಿವವ್ವ ಬೆರಳು ತೆಗೆದರು. ಸಿಟ್ಟು ಬರಲಿಲ್ಲ ಅವರಿಗೆ, ಮುಖ ಮಾತ್ರ ಒಳಗಿಂದ ಯಾರೋ ಬಾಗಿಲು ಹಾಕಿಕೊಂಡಂತೆ ಆಯಿತು. “ನಾ ತಪ್ಪ ಮಾಡಾಕತ್ತಿದ್ರ ನೀ ಸುಮ್ಮ ನೋಡ್ಕೋತ ಕುಂತಿ. ಹೊರಗಿನವ್ರು ಹಂಗ ಕುಂದರ್ತಾರವ್ವ. ಮನೀಯವ್ರು ಕೈ ಹಿಡೀತಾರ.” ಚಾಕುವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಮೇಲಿನ ಹಲಗೆಯ ಮೇಲೆ ಇಟ್ಟು, ಅವರು ನೆಲಕ್ಕೆ ಕೂತು ಈಳಿಗೆ ಎಳೆದುಕೊಂಡರು.

ಅಲ್ಲಿಂದ ಮನೆಯಲ್ಲಿ ಎಲ್ಲ ಮಾತೂ ನಡೆಯುತ್ತಿತ್ತು, ನೀರು ಬಂತು, ಪೇಪರ್ ಬಂತು, ಉಪ್ಪು ಮುಗಿಯಿತು. ಮಾತಿನ ಹಿಂದಿನದು ಮಾತ್ರ ನಿಂತಿತ್ತು. ಊಟಕ್ಕೆ ಬಡಿಸುವಾಗ ಶಿವವ್ವ ಅವಳಿಗೆ ಸಾಕೇನ್ರಿ ಎಂದರು, ನೆಂಟರಿಗೆ ಕೇಳುವ ಹಾಗೆ, ‘ರಿ’ ಹಚ್ಚಿ. ಗುರುಸಿದ್ದ ನಕ್ಕ, ಇಬ್ಬರೂ ನಗಲಿಲ್ಲ, ಅವನು ಲಿಫ್ಟು ಎರಡು ಮಹಡಿಯ ನಡುವೆ ನಿಂತಾಗ ಕೇಬಲ್ಲನ್ನು ನೋಡುವಂತೆ ಒಬ್ಬರಿಂದೊಬ್ಬರಿಗೆ ತಲೆ ವಾಲಿಸಿ ನೋಡಿ ತಟ್ಟೆಗೆ ಬಗ್ಗಿದ. ದಾಕ್ಷಾಯಣಿಗೆ ಆ ‘ರಿ’ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಮೀನೇ ತಿನ್ನದ ಮನೆಯ ತನಗೆ ಈ ಹೋಲಿಕೆ ಎಲ್ಲಿಂದ ಹೊಳೆಯಿತು ಎಂದು ತಾನೇ ನಾಚಿದಳು. ತಾನು ಮಾಡಿದ್ದು ಗೌರವ ಎಂದುಕೊಂಡಿದ್ದಳು. ಚಿಕ್ಕಂದಿನಿಂದ ಎಲ್ಲರೂ ಅದನ್ನೇ ಹೊಗಳಿದ್ದರು, ಎಷ್ಟು ಮೆತ್ತಗಿನ ಹುಡುಗಿ, ಬಾಯೇ ಇಲ್ಲ. ಬಾಯಿಲ್ಲದ ಆ ಹುಡುಗಿ ಕಾಲೇಜಿನಲ್ಲಿ ತನ್ನ ಉತ್ತರವನ್ನು ಪಕ್ಕದವಳು ತಪ್ಪಾಗಿ ಹೇಳುತ್ತಿದ್ದಾಗಲೂ ಬೆಂಚಿನ ಮೇಲಿನ ಗೀರುಗಳನ್ನು ಬೆರಳಿಂದ ಉಜ್ಜುತ್ತಿದ್ದಳು, ಆಟೋದವನು ತಪ್ಪು ದಾರಿ ಹಿಡಿದಾಗಲೂ ಹೊರಗೆ ಹಿಂದೆ ಸರಿಯುವ ಮರಗಳನ್ನು ನೋಡುತ್ತ ಕೂತಿರುತ್ತಿದ್ದಳು. ಹಾಗೆ ಕೂತು ನೋಡುವುದರಲ್ಲಿ ಒಂದು ಸುಖವಿತ್ತು. ಅದು ಮೊದಲ ಬಾರಿಗೆ ಅವಳಿಗೆ ಅಸಹ್ಯವಾಗಿ ಕಂಡಿತು. ಎಲ್ಲರೂ ತಪ್ಪಲಿ, ತಾನು ಮಾತ್ರ ತಪ್ಪದೆ, ಕೈಗೆ ಬೂದಿ ಹತ್ತದೆ ದೂರ ಕೂತಿರುವ ಸುಖ. ಮೂರು ಗೆರೆ ಎಳೆದು ಚೆನ್ನಾಯ್ತಾ ಎಂಬಂತೆ ನೋಡಿದ ಆ ಮುಖ ಮತ್ತೆ ಮತ್ತೆ ಎದುರು ಬಂತು. ಒಂದು ಬೇಡ ಅಂದಿದ್ದರೆ ಅತ್ತೆಯ ಮನಸ್ಸು ಒಂದು ಗಳಿಗೆ ನೋಯುತ್ತಿತ್ತು. ಒಂದು ಹೂಂ ಅಂದು ಅವರನ್ನು ಅವರ ವಿಭೂತಿಯ ಮುಂದೆಯೇ ಸಣ್ಣವರನ್ನಾಗಿ ಮಾಡಿದ್ದಳು.

ಮತ್ತೊಮ್ಮೆ ಗಟ್ಟಿ ಮಾಡಲೆಂದು ಹಿಡಿಯನ್ನು ಬಿಚ್ಚಿದ್ದು ಒಂದು ಮೋಡದ ಮಧ್ಯಾಹ್ನ. ಹಲಗೆಯ ಮೇಲಿನ ಬಟ್ಟೆಯ ಗಂಟನ್ನು ಅವಳು ತೆಗೆದುಕೊಂಡು ಹೋಗುವುದನ್ನು ಶಿವವ್ವ ಕಂಡರು. ಮೋಡವಿದ್ದುದರಿಂದ ಕೌದಿ ಬೇಕಿರಲಿಲ್ಲ, ಆದರೂ ಹಾಕಿದಳು, ಅದಿಲ್ಲದೆ ಆ ಜಾಗ ತನ್ನದಲ್ಲ ಅನ್ನಿಸಿ. ಇದ್ದಿಲು ಹೊತ್ತಿಕೊಂಡಿತು. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಡ್ರೈಯರ್ ಹಿಡಿದು ಕೂತಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು, ಕೌದಿಯಡಿಯಲ್ಲಿ ಶಿವವ್ವನ ಪಾದಗಳು ಕಂಡವು, ಕಾಲುಂಗುರವಿಲ್ಲದ, ಹಿಮ್ಮಡಿ ಒಡೆದ ಪಾದಗಳು. ಅವು ಸ್ವಲ್ಪ ಹೊತ್ತು ಅಲ್ಲೇ ನಿಂತವು. ಈ ಸಲ ದಾಕ್ಷಾಯಣಿ ತಿರುಗಿ ನೋಡಿದಳು. ಅವರು ಒಳಗೆ ಬಂದರು, ಖಾಲಿ ಬಕೆಟ್ಟೊಂದನ್ನು ಬೋರಲು ಹಾಕಿ ಕೂತು, ಡ್ರೈಯರನ್ನು ಅವಳ ಕೈಯಿಂದ ತೆಗೆದುಕೊಂಡರು. ಬರಿಗೈಯಲ್ಲಿ ಬಂದಿದ್ದರು, ವಿಭೂತಿ ತಂದಿರಲಿಲ್ಲ.

ಊದುವುದು ಅವರಿಗೆ ಹೊಸದಲ್ಲ. ಎಷ್ಟು ವರ್ಷ ಒಲೆಯ ಮುಂದೆ ಕೊಳವೆ ಹಿಡಿದು ಊದಿದ ಜೀವವೋ, ಗಾಳಿ ಸಿಕ್ಕ ಕೂಡಲೇ ಅವರ ಭುಜಗಳು ಮುಂದೆ ಬಂದವು, ಕಣ್ಣು ಕಿರಿದಾಯಿತು, ಡ್ರೈಯರಿನ ಮೂತಿ ತೂತಿಗೆ ತಾಗುವಷ್ಟು ಹತ್ತಿರ ಹೋಯಿತು. ಇದ್ದಿಲು ಒಮ್ಮೆಗೇ ಹೊಳೆಯಿತು. ಅಲಗಿನ ಕೆಂಪು ಓಡಿ ಬಂತು, ಈ ಬಾರಿ ನಡೆದು ಬರಲಿಲ್ಲ, ದೀಪ ಹಿಡಿದವರು ಹೆದರಿ ಓಡಿ ಬಂದಂತೆ ಬಂತು. ಬೆನ್ನು ಕೆಂಪಾಗುವಷ್ಟರಲ್ಲಿ ಬಾಯಿ ಕಿತ್ತಳೆಯಾಗಿತ್ತು, ತೆಳ್ಳಗಿನ ತುದಿ ಹಳದಿಗೆ ತಿರುಗುತ್ತಿತ್ತು. ಗಾಳಿ ತೀರಾ ಹತ್ತಿರವಾಯಿತು, ಎಂದುಕೊಂಡಳು ದಾಕ್ಷಾಯಣಿ. ಈಗ ಹೇಳಬೇಕು, ಎಂದುಕೊಂಡಳು. ಶಿವವ್ವನ ಮುಖ ಬೆಂಕಿಯ ಬೆಳಕಿನಲ್ಲಿ ಹುಡುಗಿಯದಾಗಿತ್ತು, ಕೆನ್ನೆಯ ಸುಕ್ಕುಗಳೆಲ್ಲ ಕರಗಿ ಯಾವುದೋ ಊರಿನ ಯಾವುದೋ ಮುಂಜಾವಿನಲ್ಲಿ ಒಲೆ ಹೊತ್ತಿಸುವ ಹುಡುಗಿ, ಆ ಮುಖವನ್ನು ಕಲಕುವುದು ಹೇಗೆ, ಈಗಷ್ಟೇ ಬಂದು ಕೂತವರನ್ನು. ನಾಲಗೆಯ ಬುಡದಲ್ಲಿ ಆ ಮಾತು ಮತ್ತೆ ಚಪ್ಪಲಿ ಬಿಚ್ಚಲು ಬಗ್ಗಿತು. ತುದಿ ಬೆಳ್ಳಗಾಯಿತು. ದೀಪಾವಳಿಯ ಸುರುಸುರುಬತ್ತಿಯಂತೆ ಅಲ್ಲಿಂದ ಒಂದು ಕಿಡಿ, ಆಮೇಲೆ ಗೊಂಚಲು ಕಿಡಿ ಸಿಡಿಯಿತು.

“ಅತ್ತೆ, ಸಾಕು. ತೆಗೀರಿ ಅದನ್ನ. ಸುಟ್ಟೋಗ್ತಿದೆ.”

ಅಷ್ಟು ದೊಡ್ಡ ದನಿ ಯಾರದೆಂದು ಇಬ್ಬರೂ ಒಂದು ಕ್ಷಣ ಕಿವಿಗೊಟ್ಟರು. ಡ್ರೈಯರ್ ಹಿಂದೆ ಸರಿಯಿತು. ದಾಕ್ಷಾಯಣಿ ಅಲಗನ್ನು ಹೊರಗೆಳೆದು ಬೂದಿಯ ಮೇಲೆ ಮಲಗಿಸಿದಳು. ತುದಿ ಹೋಗಿತ್ತು. ಮಲಗಿದ ಹಕ್ಕಿಯ ಕೊಕ್ಕು ಇದ್ದ ಕಡೆ ಬೆಂದ ಬೆಲ್ಲದ ಹಾಗೆ ಗುಳ್ಳೆಗುಳ್ಳೆಯಾದ, ಕರಿಯ, ಪುಡಿಯಾಗುವ ಏನೋ ಒಂದು. ಎಷ್ಟೋ ಮಧ್ಯಾಹ್ನಗಳು ಅದರಲ್ಲಿದ್ದವು. ಅಳು ಬರಬಹುದೆಂದು ಕಾದಳು, ಬರಲಿಲ್ಲ.

“ಒದರಬ್ಯಾಡ. ಕಿವಿ ಅದಾವ ನನಗ,” ಎಂದರು ಶಿವವ್ವ. ಬಗ್ಗಿ ನೋಡಿದರು. “ಮೂತಿನಽ ಹೋತಲ್ಲ. ತಡಾ ಮಾಡಿ ಹೇಳಿದಿ ನೀ.”

“ನೀವು ಅಷ್ಟು ಹತ್ತಿರ ಹಿಡ್ಕೊಂಡಿದ್ರಲ್ಲ.”

“ಹಿಡೀಬಾರದು ಅಂತ ನನಗೇನ ಕನಸ ಬೀಳ್ತೈತೇನ?”

ದಾಕ್ಷಾಯಣಿ ತನ್ನ ಮಾತು ನೆಲಕ್ಕೆ ಬಿದ್ದ ಜಾಗವನ್ನೇ ನೋಡುತ್ತಿದ್ದಳು. ಅದು ಅಲ್ಲೇ ಇತ್ತು, ಅದರ ಮೇಲೆ ಅತ್ತೆಯ ಮಾತು ಬಿದ್ದಿತ್ತು, ಎರಡೂ ಒಡೆದಿರಲಿಲ್ಲ. ನೀ, ಎಂದಿದ್ದರು. ಇಕ್ಕಳ ಎತ್ತಿ ಸುಟ್ಟ ತುದಿಯನ್ನು ಹಿಡಿದು ಮುರಿದಳು. ಬಿಸ್ಕೀಟಿನಂತೆ ಸುಲಭವಾಗಿ ಮುರಿಯಿತು. ಉಳಿದದ್ದು ಗಿಡ್ಡ, ಮೊಂಡುಮೂಗಿನ ಒಂದು ಪಟ್ಟಿ. ಆರಿದ ಮೇಲೆ ಒಗೆಯುವ ಕಲ್ಲಿಗೆ ಉಜ್ಜಿ ಮೂಗನ್ನು ದುಂಡಗೆ ಮಾಡುವಾಗ ಶಿವವ್ವ ಇದ್ದಿಲು ಕೆದಕುತ್ತ ಕೂತಿದ್ದರು. ಆಮೇಲೆ ಕೇಳಿದರು, ಹಾಗಾದರೆ ಎಷ್ಟು ಕೆಂಪಾಗಬೇಕು, ಅದನ್ನಾದರೂ ಬಾಯಿ ಬಿಟ್ಟು ಹೇಳು.

ಅವಳು ಯೋಚಿಸಿದಳು. ಅದನ್ನು ಯಾವತ್ತೂ ಮಾತಿನಲ್ಲಿ ಇಟ್ಟುಕೊಂಡಿರಲಿಲ್ಲ. ದಾಳಿಂಬೆಯ ಕಾಳಿನಷ್ಟು, ಎಂದಳು. ಅದೇನು ಕೆಂಪೇ, ಅದು ಗುಲಾಬಿ, ಎಂದರು ಶಿವವ್ವ. ಮೊದಲ ಸಲ ಅದ್ದಿದಾಗ ಕಂಡದ್ದು ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ನಾನೇ ಕಣ್ಣಾರೆ ನೋಡಿದ್ದೇನೆ, ಎಂದು ಸೇರಿಸಿದರು. ಮೆಣಸಿನಕಾಯಿ ಕಪ್ಪಾಯಿತು, ಇನ್ನೂ ತಿಳಿ, ಎಂದಳು ದಾಕ್ಷಾಯಣಿ. ಹಾಗಾದರೆ ಈ ಅಂಚು ನೋಡು, ಎಂದು ಅವರು ಕೌದಿಯ ಒಂದು ತುಂಡನ್ನು ಹಿಡಿದೆಳೆದರು, ತಮ್ಮ ಅವ್ವನ ಸೀರೆಯದಂತೆ ಅದು, ತೊಳೆದು ತೊಳೆದು ಮಾಸಿದ್ದು. ಇದು ತೀರಾ ಮಾಸಿದೆ ಎಂದು ಅವಳು ಅದರ ಪಕ್ಕದ್ದನ್ನು ಮುಟ್ಟಿದಳು. ಅದು ಕೆಂಪಲ್ಲ ಕುಂಕುಮ, ಎಂದು ಅವರು ಅವಳ ಕೈ ಸರಿಸಿದರು. ಬೆಂಕಿ ಆರುತ್ತ ಬಂದಿತ್ತು. ಇದ್ದಿಲು ಹಾಕಿದರು.

ಈಗ ಡ್ರೈಯರ್ ದೂರವಿತ್ತು. ಗಾಳಿ ಸಣ್ಣಗೆ ಬರುತ್ತಿತ್ತು. ಇಬ್ಬರೂ ಡಬ್ಬದ ಮೇಲೆ ತಲೆಗೆ ತಲೆ ತಾಗುವಷ್ಟು ಬಗ್ಗಿದ್ದರು. ಮೊಂಡುಮೂಗಿನ ಅಲಗು ಮೊದಲು ಕಪ್ಪಗೆ ಮಲಗಿತ್ತು. ಆಮೇಲೆ ಇತ್ತೋ ಇಲ್ಲವೋ ಎನ್ನುವಂತೆ, ಬೆನ್ನಿನ ಕಡೆಯಿಂದ ಒಳಗೊಳಗೇ ಬೆಳಗಾಗತೊಡಗಿತು. ಎಣ್ಣೆಯ ಡಬ್ಬ ಕಾಲ ಬಳಿ ಇತ್ತು. ಶಿವವ್ವ ಉಸಿರು ಹಿಡಿದಿದ್ದರು.

“ಈಗ,” ಎಂದರು.

“ಇಲ್ಲ ಅತ್ತೆ,” ಎಂದಳು ದಾಕ್ಷಾಯಣಿ, ಅಲಗಿನಿಂದ ಕಣ್ಣು ತೆಗೆಯದೆ. “ಇನ್ನೂ ಇಲ್ಲ.”